ಮಲೆನಾಡಿನ ಮಳೆಗಾಲದಲ್ಲಿ ಕೆಮಿಸ್ಟ್ರಿ ಕಿಟ್: ಬಣ್ಣಕ್ಕೆ ಪೂರ್ತಿ ಅಂಕ, ಮುಚ್ಚಳಕ್ಕೆ ಸೊನ್ನೆ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರೂವರೆ. ಅರ್ಧ ಅಂಕ ಕಳೆದದ್ದು ಒಳಗಿರುವ ಕಾರ್ಡಿಗೆ, ಒಂದು ಅಂಕ ಡಬ್ಬಿಗಳ ಮುಚ್ಚಳಕ್ಕೆ.

ಹೈಸ್ಕೂಲ್ ಮಕ್ಕಳಿಗೆ ಅಂತ ಆನ್‌ಲೈನ್‌ನಲ್ಲಿ ಸಿಗುವ ಕಿಟ್ ಇದು. ಯಾವುದು ನೀರಿನಲ್ಲಿ ಕರಗುತ್ತದೆ, ಯಾವುದು ಪ್ರಕ್ಷೇಪವಾಗಿ ತಳ ಕೂರುತ್ತದೆ, ಅಷ್ಟೇ ವಿಷಯ. ಎಸ್‌ಎಸ್‌ಎಲ್‌ಸಿ ವಿಜ್ಞಾನದ ಮೊದಲ ಪಾಠದಲ್ಲೇ ಬರುತ್ತದೆ ಅಲ್ವಾ, ಸೋಡಿಯಂ ಸಲ್ಫೇಟಿಗೆ ಬೇರಿಯಂ ಕ್ಲೋರೈಡ್ ಸೇರಿಸಿದರೆ ಬಿಳಿ ಬೇರಿಯಂ ಸಲ್ಫೇಟ್ ಬೀಳುವುದು. ನಮ್ಮ ಮನೆ ಹುಡುಗಿ ಆ ಸಮೀಕರಣವನ್ನು ನಿದ್ದೆಯಲ್ಲೂ ಹೇಳುತ್ತಾಳೆ. ಕಣ್ಣಲ್ಲಿ ಮಾತ್ರ ನೋಡಿರಲಿಲ್ಲ. ಅದಕ್ಕೇ ತರಿಸಿದ್ದು.

ಪೆಟ್ಟಿಗೆಯಲ್ಲಿ ಮೈಲುತುತ್ತ (ಅಂದರೆ ತಾಮ್ರದ ಸಲ್ಫೇಟ್), ಫೆರಸ್ ಸಲ್ಫೇಟ್, ಎಪ್ಸಮ್ ಉಪ್ಪು (ಮೆಗ್ನೀಸಿಯಂ ಸಲ್ಫೇಟ್), ಕ್ಯಾಲ್ಸಿಯಂ ಕ್ಲೋರೈಡ್, ವಾಷಿಂಗ್ ಸೋಡಾ (ಸೋಡಿಯಂ ಕಾರ್ಬೊನೇಟ್), ಪೊಟ್ಯಾಸಿಯಂ ನೈಟ್ರೇಟ್, ಸುಣ್ಣ, ಒಂದು ಪುಟಾಣಿ ಸಿಲ್ವರ್ ನೈಟ್ರೇಟ್ ಬಾಟಲಿ ಇವೆ. ಟೆಸ್ಟ್ ಟ್ಯೂಬುಗಳು ಗಾಜಿನವೇ, ಪ್ಲಾಸ್ಟಿಕ್ ಅಲ್ಲ, ಅದು ಖುಷಿ. ಗ್ಲೌಸು, ಕನ್ನಡಕ ಕೊಟ್ಟಿದ್ದಾರೆ. ಸೀಸದ ಉಪ್ಪು ಇಲ್ಲ. ಲೆಡ್ ನೈಟ್ರೇಟಿಗೆ ಪೊಟ್ಯಾಸಿಯಂ ಅಯೋಡೈಡ್ ಹಾಕಿದಾಗ ಬರುವ ಆ ಹಳದಿ ಬಣ್ಣ ಇಲ್ಲವಲ್ಲ ಅಂತ ಮಗಳು ಮುಖ ಊದಿಸಿದಳು. ಆದರೆ ಸೀಸ ವಿಷ, ಅಡುಗೆಮನೆ ಪಕ್ಕದಲ್ಲಿ ಮಾಡುವ ಆಟ ಅಲ್ಲ. ಅದನ್ನು ಸ್ಕೂಲ್ ಲ್ಯಾಬಿನಲ್ಲಿ ಮೇಷ್ಟ್ರು ಮಾಡಿ ತೋರಿಸಲಿ. ಕಿಟ್ ಮಾಡಿದವರು ಇಲ್ಲಿ ಸರಿಯಾಗಿ ಯೋಚಿಸಿದ್ದಾರೆ.

ಈಗ ಮುಚ್ಚಳದ ಕಥೆ. ನಾವಿರುವುದು ತೀರ್ಥಹಳ್ಳಿ ಕಡೆ. ಮಳೆ ಹಿಡಿಯಿತು ಅಂದರೆ ಹಪ್ಪಳ, ಬೆಂಕಿಪೆಟ್ಟಿಗೆ, ಬೀರುವಿನ ಬಟ್ಟೆ ಎಲ್ಲ ಮೆತ್ತಗಾಗುವ ಊರು. ಕ್ಯಾಲ್ಸಿಯಂ ಕ್ಲೋರೈಡ್ ಗಾಳಿಯ ತೇವವನ್ನು ಎಳೆದುಕೊಂಡು ತನ್ನಷ್ಟಕ್ಕೆ ಕರಗಿಹೋಗುವ ಉಪ್ಪು. ಇಂಥದ್ದನ್ನು ಸಡಿಲ ಮುಚ್ಚಳದ ಡಬ್ಬಿಯಲ್ಲಿ ಕೊಟ್ಟರೆ ಏನಾಗಬೇಕೋ ಅದೇ ಆಯಿತು. ಹರಳು ಮಾಯ, ಡಬ್ಬಿ ತುಂಬ ಅಂಟು ನೀರು. ಕಸ್ಟಮರ್ ಕೇರ್‌ಗೆ ಬರೆದರೆ, ‘ದಯವಿಟ್ಟು ಒಣ ಜಾಗದಲ್ಲಿ ಇಡಿ’ ಅಂತ ಉತ್ತರ. ಜುಲೈನಲ್ಲಿ! ಆಗುಂಬೆ ಬುಡದಲ್ಲಿ ಒಣ ಜಾಗ! ಎಲ್ಲಿದೆ ಅಂತ ಅವರೇ ಬಂದು ತೋರಿಸಲಿ. ಆ ನೀರು ಪ್ರಯೋಗಕ್ಕೆ ಬಂತು ಅನ್ನಿ, ಅದು ಗಟ್ಟಿ ದ್ರಾವಣ ತಾನೇ, ಆದರೆ ಅಳತೆ ಎಲ್ಲ ಹೋಯಿತು. ನೀವು ತರಿಸುವುದಾದರೆ ಬಂದ ದಿನವೇ ಈ ಡಬ್ಬಿಯನ್ನು ಗಟ್ಟಿ ಮುಚ್ಚಳದ ಗಾಜಿನ ಬಾಟಲಿಗೆ ಹಾಕಿಡಿ.

ನೀರಿನ ವಿಷಯವೂ ಇದೆ. ಪುಸ್ತಿಕೆಯಲ್ಲಿ ‘ಶುದ್ಧ ನೀರು ಬಳಸಿ’ ಅಂತ ಮಾತ್ರ ಇದೆ, ಯಾಕೆ ಅಂತ ಇಲ್ಲ. ಅಡುಗೆ ಉಪ್ಪಿನ ನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಬಿಟ್ಟರೆ ಮೊಸರು ಒಡೆದ ಹಾಗೆ ಬಿಳಿ ಸಿಲ್ವರ್ ಕ್ಲೋರೈಡ್ ಬರುತ್ತದೆ, ಬೆಳಕಿಗೆ ಇಟ್ಟರೆ ಮೆಲ್ಲಗೆ ಕಪ್ಪಾಗುತ್ತದೆ. ಆದರೆ ಉಪ್ಪು ಹಾಕದ ನಲ್ಲಿ ನೀರಿಗೆ ಬಿಟ್ಟರೂ ಸ್ವಲ್ಪ ಮಸುಕಾಗುತ್ತದೆ, ಅದರಲ್ಲೂ ಕ್ಲೋರೈಡ್ ಇರುತ್ತದಲ್ಲ. ಮಗುವಿಗೆ ಗೊಂದಲ ಆಗುವುದು ಇಲ್ಲೇ. ನಮಗೆ ಉಪಾಯ ಸುಲಭ: ತೊಳೆದ ಪಾತ್ರೆಯನ್ನು ಅಂಗಳದ ನಡುವೆ ಇಡುವುದು, ಹಂಚಿನ ನೀರು ಬೀಳದ ಕಡೆ. ಆ ಮಳೆನೀರಿಗೆ ಹನಿ ಬಿಟ್ಟಾಗ ಹೆಚ್ಚುಕಡಿಮೆ ತಿಳಿಯಾಗೇ ಉಳಿಯಿತು. ಅಂದಹಾಗೆ ಸಿಲ್ವರ್ ನೈಟ್ರೇಟ್ ಬೆರಳಿಗೆ ತಾಗಿದರೆ ಕಪ್ಪು ಕಲೆ, ಸೋಪಿಗೆ ಜಗ್ಗುವುದಿಲ್ಲ. ಗ್ಲೌಸು ಹಾಕಿಸಿ.

ಕಾರ್ಡಿನ ಮೇಲೂ ನನ್ನ ದೂರಿದೆ. ಒಂದು ದೊಡ್ಡ ಪಟ್ಟಿ, ಕರಗುವುದಕ್ಕೆ ರೈಟು, ಕರಗದ್ದಕ್ಕೆ ತಪ್ಪು ಗುರುತು. ನೈಟ್ರೇಟುಗಳೆಲ್ಲ ರೈಟು, ಸೋಡಿಯಂ, ಪೊಟ್ಯಾಸಿಯಂ, ಅಮೋನಿಯಂ ಉಪ್ಪುಗಳೂ ರೈಟು. ಹೈಸ್ಕೂಲ್ ಮಟ್ಟಕ್ಕೆ ಅಷ್ಟು ಸಾಕು. ಆದರೆ ಕ್ಯಾಲ್ಸಿಯಂ ಸಲ್ಫೇಟಿಗೂ ಕ್ಯಾಲ್ಸಿಯಂ ಕಾರ್ಬೊನೇಟಿಗೂ ಒಂದೇ ತಪ್ಪು ಗುರುತು ಹಾಕಿದ್ದಾರೆ. ಮಗಳು ಲೋಟ ನೀರಿಗೆ ಚಿಟಿಕೆ ಕ್ಯಾಲ್ಸಿಯಂ ಕ್ಲೋರೈಡ್, ಇನ್ನೊಂದು ಲೋಟಕ್ಕೆ ಚಿಟಿಕೆ ಎಪ್ಸಮ್ ಉಪ್ಪು ಹಾಕಿ ಎರಡನ್ನೂ ಸೇರಿಸಿದಳು. ಏನೂ ಆಗಲಿಲ್ಲ. ‘ಕಾರ್ಡ್ ಸುಳ್ಳು’ ಅಂದಳು. ಎಪ್ಸಮ್ ಬದಲು ವಾಷಿಂಗ್ ಸೋಡಾ ಹಾಕಿದರೆ ಕೂಡಲೇ ಬೆಳ್ಳಗಾಯಿತು. ಯಾಕೆ? 100 ಮಿಲಿ ನೀರು ಸುಮಾರು 0.2 ಗ್ರಾಂ ಕ್ಯಾಲ್ಸಿಯಂ ಸಲ್ಫೇಟನ್ನು ತನ್ನೊಳಗೆ ಇಟ್ಟುಕೊಳ್ಳಬಲ್ಲದು. ಕಾರ್ಬೊನೇಟ್ ಆದರೆ 1–2 ಮಿಲಿಗ್ರಾಂ ಅಷ್ಟೇ. ಎರಡರ ನಡುವೆ ನೂರು ಪಟ್ಟಿಗೂ ಹೆಚ್ಚು ಅಂತರ. ಚಿಟಿಕೆ ಲೆಕ್ಕದಲ್ಲಿ ಸಲ್ಫೇಟು ಆ ಮಿತಿ ಮುಟ್ಟುವುದೇ ಇಲ್ಲ, ಹಾಗಾಗಿ ಬೀಳುವುದಿಲ್ಲ. ಎರಡನ್ನೂ ಗಟ್ಟಿಯಾಗಿ ಕಲಸಿ ಸೇರಿಸಿದ ಮೇಲೆ ಬಿಳಿ ಗಸಿ ಬಂತು. ಪೂರ್ತಿ ಕರಗದ ಉಪ್ಪು ಅಂತ ಯಾವುದೂ ಇಲ್ಲ, ಎಷ್ಟು ಕರಗುತ್ತದೆ ಅನ್ನುವುದೇ ಪ್ರಶ್ನೆ. ರೈಟು ತಪ್ಪಿನ ಜಾಗದಲ್ಲಿ ಅಂಕಿ ಬರೆದಿದ್ದರೆ ಈ ಕಾರ್ಡ್ ಎಷ್ಟೋ ಉಪಯೋಗಕ್ಕೆ ಬರುತ್ತಿತ್ತು.

ಬಿಸಿ ಮಾಡುವ ಭಾಗ ಚೆನ್ನಾಗಿದೆ. 100 ಗ್ರಾಂ ನೀರಿನಲ್ಲಿ ಪೊಟ್ಯಾಸಿಯಂ ನೈಟ್ರೇಟ್ 20 ಡಿಗ್ರಿಗೆ 32 ಗ್ರಾಂ ಹತ್ತಿರ ಕರಗಿದರೆ 60 ಡಿಗ್ರಿಗೆ 110 ಗ್ರಾಂ ಆಸುಪಾಸು ಕರಗುತ್ತದೆ. ಬಿಸಿಯಲ್ಲಿ ತುಂಬಿಸಿ ಆರಲು ಬಿಟ್ಟರೆ ಸೂಜಿ ಸೂಜಿ ಹರಳು. ಅಡುಗೆ ಉಪ್ಪು ಮಾತ್ರ ಬಿಸಿಗೂ ತಣ್ಣಗೂ ಅದೇ 36–37ರ ಹತ್ತಿರ ಕೂತಿರುತ್ತದೆ. ಸುಣ್ಣದ್ದು ಉಲ್ಟಾ, ಬಿಸಿಯಾದಷ್ಟೂ ಕಡಿಮೆ ಕರಗುತ್ತದೆ. ಎಲೆ ಅಡಿಕೆ ತಟ್ಟೆಯ ಸುಣ್ಣ ಕಲಸಿ, ತಿಳಿ ಬಸಿದು, ಕಾಯಿಸಿ ನೋಡಿ, ಮಸುಕಾಗುತ್ತದೆ. ಇದು ಪುಸ್ತಿಕೆಯಲ್ಲಿ ಇಲ್ಲ, ನಾವೇ ಮಾಡಿದ್ದು.

ಪುಸ್ತಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಕನ್ನಡ ಮೀಡಿಯಂ ಮಕ್ಕಳಿಗೆ ಪಕ್ಕದಲ್ಲಿ ಯಾರಾದರೂ ಕೂರಬೇಕು.

ನನಗೆ ಸಿಟ್ಟು ಬಂದದ್ದು ಇನ್ನೊಂದಕ್ಕೆ. ಮೈಲುತುತ್ತವೂ ಕೊಟ್ಟಿದ್ದಾರೆ, ಸುಣ್ಣವೂ ಕೊಟ್ಟಿದ್ದಾರೆ, ಎರಡನ್ನೂ ಸೇರಿಸಿ ಅಂತ ಮಾತ್ರ ಎಲ್ಲೂ ಹೇಳಿಲ್ಲ! ಅಡಿಕೆ ತೋಟ ಇರುವ ಯಾರನ್ನಾದರೂ ಕೇಳಿ, ಅದು ಬೋರ್ಡೋ ದ್ರಾವಣ, ಕೊಳೆ ರೋಗಕ್ಕೆ ಹೊಡೆಯುವ ಔಷಧಿ. ಒಂದು ಪರ್ಸೆಂಟ್ ಅಂದರೆ 100 ಲೀಟರ್ ನೀರಿಗೆ ಒಂದು ಕೆಜಿ ತುತ್ತ, ಒಂದು ಕೆಜಿ ಸುಣ್ಣ, ಬೇರೆ ಬೇರೆ ಕಲಸಿ ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುವುದು. ಫ್ರಾನ್ಸಿನಲ್ಲಿ 1885ರ ಸುಮಾರಿಗೆ ದ್ರಾಕ್ಷಿಗೆ ಬಳಕೆಗೆ ಬಂದದ್ದನ್ನು ಮೈಸೂರು ಸರ್ಕಾರದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ನಮ್ಮ ಕೊಳೆ ರೋಗಕ್ಕೆ ಪ್ರಯೋಗಿಸಿದರು. ಅದರಲ್ಲಿ ಕೆಲಸ ಮಾಡುವುದೇ ಆ ನೀಲಿ ಪ್ರಕ್ಷೇಪ. ಬರೀ ತುತ್ತದ ನೀರು ಹೊಡೆದರೆ ಮೊದಲ ಮಳೆಗೇ ತೊಳೆದುಹೋಗುತ್ತದೆ, ಜೊತೆಗೆ ಗಿಡವೂ ಸುಡುತ್ತದೆ. ಪ್ರಕ್ಷೇಪವಾದರೆ ಗೊನೆಗೆ ಅಂಟಿಕೊಂಡು ತಾಮ್ರವನ್ನು ಚೂರು ಚೂರೇ ಬಿಡುತ್ತದೆ. ಟೆಸ್ಟ್ ಟ್ಯೂಬಿನಲ್ಲಿ ಮಾಡಿದಾಗ ಲೋಳೆ ಲೋಳೆ ನೀಲಿ ಬಂತು, ಮಗಳು ‘ಇದು ತೋಟದ ಡ್ರಮ್ಮಿನದೇ ಬಣ್ಣ’ ಅಂದಳು. ಮೇಲಿನ ತಿಳಿಗೆ ಕಬ್ಬಿಣದ ಚಾಕು ಅದ್ದಿ ನೋಡಿದೆವು, ಅಡಿಕೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರು ನೋಡುವ ಹಾಗೇ. ಕೆಂಪಗಾದರೆ ತಾಮ್ರ ಇನ್ನೂ ಕರಗಿಕೊಂಡೇ ಇದೆ, ಸುಣ್ಣ ಸಾಲದು. ಒಂದೇ ಟ್ಯೂಬಿನಲ್ಲಿ ಪ್ರಕ್ಷೇಪನವೂ ಆಯಿತು, ಕಬ್ಬಿಣ ತಾಮ್ರವನ್ನು ಹೊರಗೆ ತಳ್ಳುವ ಸ್ಥಾನಪಲ್ಲಟವೂ ಆಯಿತು. ಎರಡೂ ಅದೇ ಮೊದಲ ಪಾಠದಲ್ಲಿವೆ.

ಯಾರು ತಗೊಳ್ಳಬಹುದು? ಹೈಸ್ಕೂಲ್ ಮಕ್ಕಳಿದ್ದು, ಜೊತೆಗೆ ಕೂರುವ ದೊಡ್ಡವರಿದ್ದರೆ ತಗೊಳ್ಳಿ. ಸುಮ್ನೆ ಉಡುಗೊರೆ ಅಂತ ಕೊಟ್ಟು ಬಿಡಬೇಡಿ. ಬಿಡಿ ಬಿಡಿಯಾಗಿ ಬೇಕಾದರೆ ವಾಷಿಂಗ್ ಸೋಡಾ, ತುತ್ತ, ಸುಣ್ಣ, ಎಪ್ಸಮ್ ಉಪ್ಪು ಶಿವಮೊಗ್ಗದ ಅಂಗಡಿಗಳಲ್ಲೇ ಹುಡುಕಿಕೊಳ್ಳಬಹುದು. ಕಿಟ್ಟಿನ ಬೆಲೆಯಲ್ಲಿ ಮುಖ್ಯ ಪಾಲು ಗಾಜಿನ ಸಾಮಾನಿನದು ಮತ್ತು ಆ ಸಿಲ್ವರ್ ನೈಟ್ರೇಟಿನದು ಅಂತ ನನ್ನ ಅಂದಾಜು. ಅದು ಖಾಲಿಯಾದರೆ ಬೇರೆಯಾಗಿ ಕೊಡುವುದಿಲ್ಲವಂತೆ, ಇಡೀ ಕಿಟ್ ಮತ್ತೆ ಕೊಳ್ಳಬೇಕಂತೆ. ಹನಿ ಲೆಕ್ಕ ಇಟ್ಟುಕೊಂಡು ಬಳಸಿ. ತಾಮ್ರದ ನೀರನ್ನು ಹಳ್ಳಕ್ಕೆ, ಬಾವಿಕಟ್ಟೆಗೆ ಚೆಲ್ಲಬೇಡಿ, ತಾಮ್ರ ಮೀನಿಗೆ ವಿಷ. ವಾಷಿಂಗ್ ಸೋಡಾ ಹಾಕಿ ಗಸಿ ಮಾಡಿ, ಬಟ್ಟೆಯಲ್ಲಿ ಸೋಸಿ, ಒಣಗಿಸಿ ಕಟ್ಟಿಡಿ. ಒಣಗುವುದು ಮಳೆ ಬಿಟ್ಟ ಮೇಲೇ ಅನ್ನಿ.