ಅಜ್ಜಿಯ ಸೀರೆಯ ಲಂಗ, ಜಾತ್ರೆ ಥೀಮಿನ ಮೊದಲ ಹುಟ್ಟುಹಬ್ಬ: ಎಲ್ಲೆಲ್ಲಿ ಕೆಟ್ಟಿತು

ಹನ್ನೊಂದು ಗಂಟೆಗೆ ಆರತಿ. ಹನ್ನೊಂದೂಕಾಲಿಗೆಲ್ಲ ಮಗು ಬರೀ ಡೈಪರಿನಲ್ಲಿತ್ತು. ಅಜ್ಜಿಯ ಧಾರೆ ಸೀರೆ ಕತ್ತರಿಸಿ ಹೊಲಿದ ಲಂಗ ಕಂಕುಳಲ್ಲಿ ಕೆಂಪಗೆ ಗೀರು ಎಬ್ಬಿಸಿತ್ತು. ಮಗು ನಾಲ್ಕು ಹೆಜ್ಜೆ ಅಂಬೆಗಾಲಿಟ್ಟದ್ದೇ ಸೊಂಟದ ಹತ್ತಿರ ಪರ್ರನೆ ಸೀಳಿತು. ತಲೆಪಟ್ಟಿಯಿಂದ ಕಾಣೆಯಾದ ಮುತ್ತು ಸಿಕ್ಕಿದ್ದು ಮಗುವಿನ ಕೆನ್ನೆಯೊಳಗೆ. ನುಂಗಿರಲಿಲ್ಲ, ಅಷ್ಟೇ ಪುಣ್ಯ. ಅಂಗಡಿಯನ್ನಾಗಲಿ ದರ್ಜಿಯನ್ನಾಗಲಿ ಬೈಯುವಂತಿಲ್ಲ, ಎಲ್ಲವೂ ಮನೆಯಲ್ಲೇ ಹೊಲಿದದ್ದು. ಇದೇ ಥರದ ಲಂಗಕ್ಕೆ ಕತ್ತರಿ ಹಿಡಿದವರು ಮುಂದಿನದನ್ನು ಓದಿಯೇ ಕತ್ತರಿಸಿ.

ಮೊದಲು ಸೀರೆ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಬೀರುವಿನಲ್ಲಿದ್ದ ರೇಷ್ಮೆ ಆ ಮಡಿಕೆಯ ಗೆರೆಯಲ್ಲೇ ಸಾಯುತ್ತದೆ. ಮೇಲಿಂದ ನೋಡಿದರೆ ಹೊಸದರಂತೆ ಹೊಳೆಯುತ್ತಿರುತ್ತದೆ, ಮೋಸ ಹೋಗಬೇಡಿ. ಕಿಟಕಿಯ ಬೆಳಕಿಗೆ ಹಿಡಿಯಿರಿ. ಜರಡಿಯಂತೆ ಬೆಳಕು ಸೋರುವ ಭಾಗ ಬೇಡ. ಉಳಿದದ್ದನ್ನು ಎರಡು ಹೆಬ್ಬೆರಳ ನಡುವೆ ಉದ್ದಕ್ಕೂ ಅಡ್ಡಕ್ಕೂ ಎಳೆದು ನೋಡಿ, ಎಳೆ ಸರಿದರೆ ಅದೂ ಬೇಡ. ಒಂದು ವರ್ಷದ ಮಗುವಿನ ಲಂಗಕ್ಕೆ ಎರಡೂವರೆ ಮೀಟರ್ ಸುತ್ತಳತೆ ಧಾರಾಳ. ಐದೂವರೆ ಮೀಟರಿನ ಸೀರೆಯಲ್ಲಿ ಕೆಟ್ಟ ಭಾಗ ಬಿಟ್ಟರೂ ಅಷ್ಟು ಸಿಗುತ್ತದೆ. ಸೂಜಿ ಹೊಸದಿರಲಿ, 11ನೇ ನಂಬರಿನದು. ಹತ್ತಿ ಬಟ್ಟೆಗೆ ಹಾಕಿದ್ದ 16ನೇ ನಂಬರಿನ ಸೂಜಿಯನ್ನೇ ಓಡಿಸಿದರೆ ಹಳೇ ರೇಷ್ಮೆಯಲ್ಲಿ ಸಾಲಾಗಿ ತೂತು ಬೀಳುತ್ತದೆ, ಆಮೇಲೆ ಅಂಚೆ ಚೀಟಿ ಹರಿದಂತೆ ಹರಿಯುತ್ತದೆ. ಹೊಲಿಗೆಯ ಆಚೆ ಕಾಲಿಂಚು ಬಿಟ್ಟರೆ ಸಾಲದು, ಮುಕ್ಕಾಲು ಇಂಚಾದರೂ ಇರಲಿ.

ಆದರೆ ಆ ದಿನ ಸೀಳಿದ್ದಕ್ಕೆ ಮುಖ್ಯ ಕಾರಣ ಉದ್ದ. ಫೋಟೋಗೆ ಚೆನ್ನ ಎಂದು ಪಾದ ಮುಚ್ಚುವಂತೆ ಹೊಲಿದಿತ್ತು. ಅಂಬೆಗಾಲಿಡುವಾಗ ಮೊಣಕಾಲು ಲಂಗದ ಅಂಚನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ, ಮೈ ಮುಂದಕ್ಕೆ ಹೋಗುತ್ತದೆ, ಇಡೀ ಭಾರ ಸೊಂಟದ ಜೋಡಣೆಯ ಮೇಲೆ ಬೀಳುತ್ತದೆ. ಬಟ್ಟೆ ಗಟ್ಟಿಯಿದ್ದರೆ ಮಗು ಮುಗ್ಗರಿಸುತ್ತದೆ, ಹಳತಾಗಿದ್ದರೆ ಬಟ್ಟೆ ಹರಿಯುತ್ತದೆ. ಈ ವಯಸ್ಸಿಗೆ ಸೊಂಟದಿಂದ 12 ಇಂಚು ಸಾಕು. ನಡೆಯದ ಮಗುವಾದರೆ ಮೊಣಕಾಲಿನವರೆಗಿನ ಫ್ರಾಕೇ ಸರಿ. ಉದ್ದ ಉಳಿದರೆ ಒಳಗಡೆ ಮಡಚಿ ಹೊಲಿದಿಡಿ, ಬರುವ ವರ್ಷ ಬಿಚ್ಚಿಕೊಳ್ಳಬಹುದು.

ಲಾಡಿ ಹಾಕಿದ ಲಂಗ ಬೇಡವೇ ಬೇಡ. ಒಂದು ವರ್ಷದ ಮಗುವಿಗೆ ಸೊಂಟ ಎಂಬುದೇ ಇಲ್ಲ, ಇರುವುದು ಹೊಟ್ಟೆ. ಬಿಗಿದರೆ ಪಾಯಸ ಕುಡಿದದ್ದೆಲ್ಲ ಹೊರಗೆ ಬರುತ್ತದೆ, ಸಡಿಲ ಬಿಟ್ಟರೆ ಲಂಗವೇ ಜಾರುತ್ತದೆ. ತೋಳಿಲ್ಲದ ಹತ್ತಿಯ ಒಳರವಿಕೆಯ ಅಂಚಿಗೆ ಲಂಗವನ್ನು ಕೂಡಿಸಿ, ಭಾರವನ್ನು ಭುಜ ಹೊರಲಿ. ಅಳತೆಯನ್ನು ಡೈಪರ್ ಹಾಕಿದ ಮೇಲೆ, ಮಗು ಕೂತಿರುವಾಗ, ಹಬ್ಬಕ್ಕೆ ಹತ್ತು ದಿನ ಮುಂಚೆ ತೆಗೆಯಿರಿ. ಎದೆಯ ಸುತ್ತಳತೆ ಸುಮಾರು 18 ಇಂಚು ಬರುತ್ತದೆ, ಅದಕ್ಕೆ ಮೂರು ಇಂಚು ಸೇರಿಸಿ. ತಲೆಯ ಸುತ್ತಳತೆಯೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಇದನ್ನು ಮರೆತು ದೊಡ್ಡವರ ಬ್ಲೌಸಿನ ಲೆಕ್ಕದಲ್ಲಿ ಕತ್ತು ಕತ್ತರಿಸಿದರೆ ತಲೆ ತೂರುವುದಿಲ್ಲ, ಕಿವಿ ಎಳೆದು ಅಳು ಶುರು. ಹಿಂದೆ ಪೂರ್ತಿ ತೆರೆಯುವಂತೆ ಮಾಡಿ ಟಿಚ್ ಬಟನ್ ಹಾಕಿ. ಕತ್ತಿನ ಹಿಂದೆ ಗೊಂಡೆ ಕಟ್ಟಿದ ದಾರ ಇಳಿಬಿಡಬೇಡಿ, ತೊಟ್ಟಿಲಿನ ಕಂಬಿಗೋ ಕುರ್ಚಿಗೋ ಸಿಕ್ಕಿದರೆ ಅದು ಉರುಳು.

ಕಂಕುಳ ಗೀರು ಜರಿಯದು. ಜರಿಯ ಮೇಲ್ಮುಖ ನುಣುಪು, ಹಿಂಬದಿಯಲ್ಲಿ ಕತ್ತರಿಸಿದ ಎಳೆಗಳು ಮುಳ್ಳಿನಂತೆ ನಿಂತಿರುತ್ತವೆ. ತೋಳಿನ ಅಂಚಿಗೂ ಕತ್ತಿಗೂ ಬಾರ್ಡರ್ ಬೇಡ, ಕೆಳಗಿನ ಅಂಚಿಗೆ ಮಾತ್ರ ಇರಲಿ. ಒಳಗೆ ಮಲ್‌ಮಲ್ ಅಸ್ತರು ಕೊಡಿ, ಹೊಲಿಗೆಯ ಅಂಚುಗಳೆಲ್ಲ ರೇಷ್ಮೆಗೂ ಅಸ್ತರಿಗೂ ನಡುವೆ ಅಡಗಲಿ. ಅಸ್ತರನ್ನು ಕತ್ತರಿಸುವ ಮೊದಲೇ ಒಗೆದು ಒಣಗಿಸಿ. ಹತ್ತಿ ಕುಗ್ಗಿದಷ್ಟು ರೇಷ್ಮೆ ಕುಗ್ಗುವುದಿಲ್ಲ, ಮೊದಲ ಒಗೆತಕ್ಕೇ ಲಂಗ ಹಪ್ಪಳದಂತೆ ಮುದುರುತ್ತದೆ. ಇಪ್ಪತ್ತು ಗುಂಡುಸೂಜಿ ಚುಚ್ಚಿದ್ದರೆ ಇಪ್ಪತ್ತೂ ಡಬ್ಬಿಗೆ ವಾಪಸ್ ಬಂದಿವೆಯೇ ಎಂದು ಎಣಿಸಿ. ಕೊನೇ ಗಳಿಗೆಯಲ್ಲಿ "ಸ್ವಲ್ಪ ಸಡಿಲ ಆಯ್ತಲ್ಲಮ್ಮಾ" ಎಂದು ಬಳೆಯಿಂದ ಪಿನ್ನು ಬಿಚ್ಚಿ ಚುಚ್ಚಲು ಬರುವ ಅತ್ತೆ, ಚಿಕ್ಕಮ್ಮಂದಿರನ್ನು ತಡೆಯುವುದೂ ನಿಮ್ಮದೇ ಕೆಲಸ.

ಲಂಗ ಉಬ್ಬಲಿ ಎಂದು ಒಳಗೆ ಕ್ಯಾನ್‌ಕ್ಯಾನ್ ಎಂಬ ಗಡಸು ನೈಲಾನ್ ನೆಟ್ ಹಾಕುವ ಚಾಳಿ ಈಗ ಎಲ್ಲ ಕಡೆ. ಅದು ತೊಡೆಗೆ ಚುಚ್ಚುತ್ತದೆ ಅನ್ನುವುದು ಸಣ್ಣ ಮಾತು. ನಿಜವಾದ ರೇಷ್ಮೆಗೆ ಕಿಡಿ ತಾಗಿದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ನಿಧಾನವಾಗಿ ಉರಿಯುತ್ತದೆ. ನೈಲಾನ್ ನೆಟ್ ಹಾಗಲ್ಲ. ಕರಗಿ ಚರ್ಮಕ್ಕೆ ಅಂಟುತ್ತದೆ. ಮಗುವಿನ ಮುಂದೆ ಆರತಿ ತಟ್ಟೆಯ ದೀಪ, ಆಯುಷ್ಯ ಹೋಮ ಇಟ್ಟುಕೊಂಡವರಿಗೆ ಹೋಮಕುಂಡ, ಆಮೇಲೆ ಕೇಕಿನ ಮೇಲಿನ ಬತ್ತಿ. ಇಷ್ಟು ಬೆಂಕಿಯ ನಡುವೆ ನೆಟ್ ಯಾಕೆ ಬೇಕು?

ತಲೆಪಟ್ಟಿಯ ಮುತ್ತನ್ನು ಗ್ಲೂ ಗನ್ನಿನಲ್ಲಿ ಅಂಟಿಸಿತ್ತು. ಆ ಅಂಟು ಬಿಸಿಗೆ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಅರ್ಧ ಗಂಟೆ ಇದ್ದದ್ದು ಸಾಕಾಯಿತು. ಟಿಶ್ಯೂ ರೋಲಿನೊಳಗಿನ ರಟ್ಟಿನ ಕೊಳವೆಯಲ್ಲಿ ತೂರುವ ಯಾವ ವಸ್ತುವೂ ಈ ವಯಸ್ಸಿನ ಮಗುವಿನ ಮೈಮೇಲಾಗಲಿ ಕೈಗೆಟುಕುವಲ್ಲಾಗಲಿ ಇರಬಾರದು. ಮುತ್ತು, ಚಮಕಿ, ಗೆಜ್ಜೆ ಬಿಟ್ಟು ದಾರದ ಕಸೂತಿ ಮಾಡಿ. ಉಸಿರು ಸಿಕ್ಕಿಕೊಂಡರೆ ಬಾಯೊಳಗೆ ಕುರುಡಾಗಿ ಬೆರಳಾಡಿಸಬೇಡಿ, ವಸ್ತು ಇನ್ನೂ ಆಳಕ್ಕೆ ಹೋಗುತ್ತದೆ. ಮಗುವನ್ನು ಮುಂದಕ್ಕೆ ಬಾಗಿಸಿ ಬೆನ್ನಿಗೆ, ರೆಕ್ಕೆಮೂಳೆಗಳ ನಡುವೆ, ಅಂಗೈಯ ಬುಡದಿಂದ ಐದು ಗುದ್ದು. ಪಕ್ಕದವರು 108ಕ್ಕೆ ಫೋನ್ ಮಾಡಲಿ.

ಇನ್ನು ಜಾತ್ರೆ ಥೀಮು. ಗಿರಿಗಟ್ಲೆ, ತೋರಣ, ಬಳೆ ಅಂಗಡಿ ಎಲ್ಲ ಚೆಂದ. ಆದರೆ ಜಾತ್ರೆಯೆಂದರೆ ಕಡ್ಲೆಪುರಿ, ಕಡ್ಲೆಬೀಜ, ಬೆಂಡು ಬತ್ತಾಸು. ಒಂದಿಷ್ಟು ಚೆಲ್ಲಿಯೇ ಚೆಲ್ಲುತ್ತದೆ, ನೆಲದಲ್ಲಿ ತೆವಳುವ ಮಗು ಆರಿಸಿ ಬಾಯಿಗೆ ಹಾಕಿಕೊಳ್ಳುತ್ತದೆ. ಕಡ್ಲೆಬೀಜ ಶ್ವಾಸನಾಳಕ್ಕೆ ಇಳಿದರೆ ಆಸ್ಪತ್ರೆಯಲ್ಲಿ ನಳಿಕೆ ಹಾಕಿ ತೆಗೆಯಬೇಕು. ಈ ತಿಂಡಿಗಳ ಮೇಜು ಬೇರೆ ಕೋಣೆಯಲ್ಲಿರಲಿ. ಬಾಂಬೆ ಮಿಠಾಯಿಯವನನ್ನು ಕರೆಸುವುದಾದರೆ ಬಿಳಿಯದನ್ನೇ ಮಾಡಿಸಿ. ಗುಲಾಬಿಗೆ ಬಳಸುತ್ತಿದ್ದ ರೋಡಮೈನ್-ಬಿ ಬಣ್ಣವನ್ನು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದೆ. ಗ್ಯಾಸ್ ಬಲೂನಿನವನನ್ನು ಮಾತ್ರ ಕರೆಸಲೇಬೇಡಿ. ಹೀಲಿಯಂ ದುಬಾರಿ, ಅಗ್ಗದ ಸಿಲಿಂಡರಿನಲ್ಲಿ ಹೈಡ್ರೋಜನ್ ಇರುವ ಸಾಧ್ಯತೆಯಿದೆ, ಅದು ಬತ್ತಿಯ ಜ್ವಾಲೆ ಸೋಕಿದರೆ ಭುಗ್ಗೆನ್ನುತ್ತದೆ. ಬಾಯಲ್ಲಿ ಊದಿದ ಬಲೂನೂ ಒಡೆದ ತಕ್ಷಣ ಅದರ ರಬ್ಬರ್ ಚೂರುಗಳನ್ನು ಹೆಕ್ಕಿಬಿಡಿ, ಗಂಟಲಿಗೆ ಅಂಟಿದರೆ ಗುದ್ದಿದರೂ ಸುಲಭಕ್ಕೆ ಬರುವುದಿಲ್ಲ. ಮಿನುಗುವ ಗಿರಿಗಟ್ಲೆ, ದೀಪದ ಕಿರೀಟಗಳಲ್ಲಿ ಬಟನ್ ಸೆಲ್ ಇರುತ್ತದೆ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಡಲು ಶುರುಮಾಡುತ್ತದೆ. ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇಲ್ಲದ್ದನ್ನು ಮನೆಯೊಳಗೇ ತರಬೇಡಿ.

ರೇಷ್ಮೆ ಲಂಗ ಆರತಿಗೂ ಫೋಟೋಗೂ ಇಪ್ಪತ್ತು ನಿಮಿಷ ಸಾಕು, ಕೇಕು ಹತ್ತಿರ ಬರುವ ಮೊದಲೇ ಬಿಚ್ಚಿಬಿಡಿ. ಅಸ್ತರಿಗೆ ತಂದ ಮಲ್‌ಮಲ್‌ನಲ್ಲಿ ಒಂದು ಮೀಟರ್ ಹೆಚ್ಚಿಗೆ ತಂದರೆ ಅದರಲ್ಲೇ ಎರಡು ಜುಬ್ಲ ಆಗುತ್ತದೆ. ಒಂದು ಕೇಕಿಗೆ, ಇನ್ನೊಂದು ನಿದ್ದೆಗೆ.