ಈಡಿ, ಕ್ಲಿಂಗನ್: ಯಾರ ಆಟ ಎನ್‌ಬಿಎಗೆ ಒಗ್ಗುತ್ತದೆ?

2024ರ ಎನ್‌ಸಿಎಎ (ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್) ಫೈನಲ್‌ನಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಝಾಕ್ ಈಡಿ 37 ಪಾಯಿಂಟ್ ಗಳಿಸಿದರೂ ಯುಕಾನ್ (ಕನೆಕ್ಟಿಕಟ್ ವಿಶ್ವವಿದ್ಯಾಲಯ) 75-60ರಿಂದ ಗೆದ್ದಿತು. ಯುಕಾನ್‌ನ ಡೊನೊವನ್ ಕ್ಲಿಂಗನ್ ಗಳಿಸಿದ್ದು ಬರೀ 11. ಆದರೂ ಮುಂದಿನ ಹಂತಕ್ಕೆ, ಅಂದರೆ ವೃತ್ತಿಪರ ಲೀಗ್ ಎನ್‌ಬಿಎಗೆ, ನನ್ನ ಆಯ್ಕೆ ಕ್ಲಿಂಗನ್ನೇ.

7 ಅಡಿ 4 ಇಂಚಿನ ಈಡಿ ಬಾಸ್ಕೆಟ್ ಹತ್ತಿರ ಜಾಗ ಹಿಡಿದು ಚೆಂಡು ಪಡೆದರೆ ಮುಗಿಯಿತು, ತಲೆಯ ಮೇಲಿಂದ ಬಲಗೈ ಬೀಸಿ ಎಸೆಯುವ ಆ ಹುಕ್ ತಡೆಯುವುದು ಬಲು ಕಷ್ಟ. ತೊಂದರೆ ಇರುವುದು ಡಿಫೆನ್ಸ್‌ನಲ್ಲಿ. ಎದುರಾಳಿ ಪಿಕ್ ಆಂಡ್ ರೋಲ್ (ಜೊತೆಗಾರ ಅಡ್ಡ ನಿಂತು ದಾರಿ ಮಾಡಿಕೊಟ್ಟು ಬಾಸ್ಕೆಟ್‌ನತ್ತ ಓಡುವ ತಂತ್ರ) ಆಡಿದಾಗ ಈಡಿ ಮುಂದೆ ಬಂದರೆ, ಚೆಂಡು ಹಿಡಿದ ವೇಗದ ಗಾರ್ಡ್ ಪಕ್ಕದಿಂದ ನುಸುಳುತ್ತಾನೆ. ಹಿಂದೆ ನಿಂತರೆ ಸಲೀಸಾಗಿ ಜಂಪ್‌ಶಾಟ್ ಹೊಡೆಯುತ್ತಾನೆ. 7 ಅಡಿ 2 ಇಂಚಿನ ಕ್ಲಿಂಗನ್ ಹಿಂದೆ ಸರಿಯುತ್ತಲೇ ಗಾರ್ಡ್‌ನನ್ನೂ ಬಾಸ್ಕೆಟ್ ಬಳಿಗೆ ಎತ್ತರಕ್ಕೆ ಎಸೆಯುವ ಲಾಬ್ ಪಾಸನ್ನೂ ಒಟ್ಟಿಗೆ ಕಾಯುತ್ತಾನೆ. ಕಾಲೇಜಿನಲ್ಲಿಲ್ಲದ ಡಿಫೆನ್ಸಿವ್ ಮೂರು ಸೆಕೆಂಡ್ ನಿಯಮ ಎನ್‌ಬಿಎಯಲ್ಲಿದೆ. ಯಾರನ್ನೂ ಹತ್ತಿರದಿಂದ ಕಾಯದೆ ಪೇಂಟ್‌ನಲ್ಲೇ (ಬಾಸ್ಕೆಟ್ ಮುಂದಿನ ಆಯತದಲ್ಲಿ) ಮೂರು ಸೆಕೆಂಡಿಗಿಂತ ಹೆಚ್ಚು ಬೀಡುಬಿಡಲಾಗದು, ಕಾಲು ಚುರುಕಾಗಿರಲೇಬೇಕು. ಫೌಲ್ ಆದಾಗ ಸಿಗುವ ಫ್ರೀ ಥ್ರೋ ವಿಷಯದಲ್ಲಿ ಮಾತ್ರ ಈಡಿಯೇ ವಾಸಿ.