ಫೋನ್, ಲ್ಯಾಪ್‌ಟಾಪ್, ಕೌಂಟರ್: ಮಂಗಳೂರಿನ ಒಂದು ಮಳಿಗೆಯ ಸೇವೆ

ಹಂಪನಕಟ್ಟೆಯ ಆಸುಪಾಸಿನಲ್ಲಿರುವ ಗೃಹೋಪಯೋಗಿ ವಸ್ತುಗಳ ಮಳಿಗೆಯೊಂದು ಆ್ಯಪ್, ಜಾಲತಾಣ ಮತ್ತು ಅಂಗಡಿ ಮೂರನ್ನೂ ಒಂದೇ ಖಾತೆಯಡಿ ತಂದಿದೆ. ಹೊಸ ಮನೆಗೆ ಬೇಕಾದ ಗ್ರೈಂಡರ್, ಮಿಕ್ಸಿ, ಇನ್ವರ್ಟರ್ ಮೊದಲಾದವನ್ನು ಕೊಳ್ಳುವಾಗ ನಮ್ಮ ಮನೆಯವರೆಲ್ಲ ಈ ಮೂರನ್ನೂ ಬಳಸಿದ್ದೇವೆ. ಗಿರಾಕಿಯ ಆಯ್ಕೆಯನ್ನು ನೆನಪಿಟ್ಟುಕೊಳ್ಳುವುದರಲ್ಲಿ ಈ ಮಳಿಗೆ ಮುಂದಿದೆ. ಗಿರಾಕಿ ಯಾರೆಂದು ಗುರುತಿಸುವುದರಲ್ಲಿ ಹಿಂದೆ ಉಳಿದಿದೆ.

ಮೊದಲು ಮೆಚ್ಚಬೇಕಾದದ್ದು ಇವರ ಬುಟ್ಟಿಯನ್ನು, ಅಂದರೆ ಕೊಳ್ಳಲೆಂದು ಆರಿಸಿಟ್ಟ ವಸ್ತುಗಳ ಪಟ್ಟಿಯನ್ನು. ಲಾಗಿನ್ ಆಗುವ ಮೊದಲು ಆರಿಸಿದ ವಸ್ತುಗಳು ಸಾಮಾನ್ಯವಾಗಿ ಆ ಬ್ರೌಸರಿನೊಳಗಷ್ಟೇ ಇರುತ್ತವೆ. ಲಾಗಿನ್ ಆದ ಕೂಡಲೇ ಸರ್ವರ್‌ನಲ್ಲಿ, ಅಂದರೆ ಮಳಿಗೆಯ ಕಂಪ್ಯೂಟರಿನಲ್ಲಿ, ಇದ್ದ ಹಳೆಯ ಪಟ್ಟಿ ಬಂದು ಹೊಸದನ್ನು ಅಳಿಸಿಹಾಕುವ ಜಾಲತಾಣಗಳೂ ಉಂಟು. ಇಲ್ಲಿ ಎರಡು ಪಟ್ಟಿಗಳನ್ನೂ ಸೇರಿಸಿ, ಎರಡೆರಡು ಬಾರಿ ಬಂದ ವಸ್ತುವನ್ನು ಗುರುತಿಸಿ, ಒಂದು ಸಾಕೇ ಎಂದು ಕೇಳುತ್ತಾರೆ. ಉಡುಪಿಯಿಂದ ಬರುವ ಬಸ್ಸಿನಲ್ಲಿ ಫೋನಿನಲ್ಲಿ ಆರಿಸಿಟ್ಟ ಎರಡು ಲೀಟರಿನ ಎರಡು ಗ್ರೈಂಡರುಗಳು ರಾತ್ರಿ ಲ್ಯಾಪ್‌ಟಾಪಿನಲ್ಲಿ ಅಕ್ಕಪಕ್ಕದಲ್ಲಿ, ಹೋಲಿಸಿ ನೋಡುವ ಹಾಗೆ, ತೆರೆದುಕೊಂಡವು. ಪರದೆಯ ಅಗಲಕ್ಕೆ ತಕ್ಕಂತೆ ಪುಟವೇ ಹೊಂದಿಕೊಳ್ಳುವ ವಿನ್ಯಾಸಕ್ಕೆ ವೆಬ್ ವಿನ್ಯಾಸಕ ಈಥನ್ ಮಾರ್ಕಾಟ್ 2010ರಲ್ಲಿ ರೆಸ್ಪಾನ್ಸಿವ್ ವೆಬ್ ಡಿಸೈನ್ ಎಂದು ಹೆಸರಿಟ್ಟ ಮೇಲೆ ಇಷ್ಟು ಮಾಡುವವರು ಬಹಳ ಮಂದಿ ಇದ್ದಾರೆ. ಅದನ್ನು ಅಂಗಡಿಯ ಕೌಂಟರಿನವರೆಗೂ ಒಯ್ಯುವವರು ಕಡಿಮೆ. ನಾವು ಹೋದಾಗ ಕೌಂಟರಿನಲ್ಲಿದ್ದ ಹುಡುಗ ಫೋನ್ ನಂಬರ್ ಕೇಳಿ, ತನ್ನ ಟ್ಯಾಬಿನಲ್ಲಿ ನಮ್ಮ ಪಟ್ಟಿಯನ್ನು ತೆರೆದು, ನನ್ನ ಹೆಂಡತಿ ಅದರ ಕೆಳಗೆ ಬರೆದಿದ್ದ ಟಿಪ್ಪಣಿಯನ್ನು ಓದಿ, "ಕಾಯಿ ತುರಿಯುವ ಜೋಡಣೆ ಬೇಕು ಅಂತ ಬರೆದಿದ್ದೀರಲ್ಲ ಮೇಡಂ, ಇದಕ್ಕೆ ಬರುವುದಿಲ್ಲ, ಇನ್ನೊಂದಕ್ಕೆ ಬರುತ್ತದೆ" ಎಂದ. ದಿನವೂ ಅಡುಗೆಗೆ ಕಾಯಿ ಬೇಕಾಗುವ ಈ ಊರಿನಲ್ಲಿ ಆ ಒಂದು ಮಾತಿನಿಂದಲೇ ನಮ್ಮ ತೀರ್ಮಾನವಾಯಿತು.

ತೊಡಕು ಇರುವುದು ಲಾಗಿನ್‌ನಲ್ಲಿ. ಪ್ರತಿ ಹೊಸ ಸಾಧನದಲ್ಲೂ ಒಟಿಪಿ ಬೇಕು, ಅದು ಬರುವುದು ಖಾತೆಯ ಭಾರತೀಯ ನಂಬರಿಗೆ ಮಾತ್ರ. ಇನ್ವರ್ಟರಿನ ಹಣವನ್ನು ದುಬೈಯಿಂದಲೇ ತಾನು ಕೊಡಲು ಹೊರಟ ನನ್ನ ತಮ್ಮ, ಊರಿನಲ್ಲಿರುವ ಅಪ್ಪನ ಫೋನಿಗೆ ಬಂದ ಒಟಿಪಿಯನ್ನು ಕೇಳಿ ಟೈಪ್ ಮಾಡುವಷ್ಟರಲ್ಲಿ ಅದರ ಅವಧಿ ಮುಗಿಯುತ್ತಿತ್ತು. ಮನೆಗೊಬ್ಬರು ಗಲ್ಫಿನಲ್ಲಿರುವ ಕರಾವಳಿಯಲ್ಲಿ ಇದು ಅಪರೂಪದ ಸಮಸ್ಯೆಯಲ್ಲ. ವಾಟ್ಸ್‌ಆ್ಯಪ್ ಒಂದು ಕ್ಯೂಆರ್ ಸಂಕೇತವನ್ನು ಸ್ಕ್ಯಾನ್ ಮಾಡಿಸಿಕೊಂಡು ಬೇರೆ ನಾಲ್ಕು ಸಾಧನಗಳನ್ನು ಜೋಡಿಸಿಕೊಳ್ಳಲು ಬಿಡುತ್ತದೆ. ಇಲ್ಲೂ ಇಮೇಲ್ ಮೂಲಕ ಲಾಗಿನ್ ಆಗುವ ದಾರಿಯೋ, ಮನೆಯ ಇನ್ನೊಬ್ಬರನ್ನು ಖಾತೆಗೆ ಸೇರಿಸಿಕೊಳ್ಳುವ ಅವಕಾಶವೋ ಇರಬೇಕಿತ್ತು. ಅಷ್ಟಲ್ಲದೆ, ಲಾಗಿನ್ ಅವಧಿ ಮೀರಿದರೆ ಆರ್ಡರಿನ ಮಧ್ಯದಲ್ಲೇ ವಿಳಾಸವನ್ನೂ ಪಿನ್‌ಕೋಡನ್ನೂ ಮೊದಲಿನಿಂದ ತುಂಬಿಸಬೇಕಾಗುತ್ತದೆ. ಒಂದೇ ಪ್ರಕ್ರಿಯೆಯಲ್ಲಿ ಒಮ್ಮೆ ಕೊಟ್ಟ ಮಾಹಿತಿಯನ್ನು ಮತ್ತೆ ಟೈಪ್ ಮಾಡಿಸಬಾರದೆಂದು ಜಾಲತಾಣಗಳ ಮಾನದಂಡಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ 2023ರ ಅಕ್ಟೋಬರಿನಲ್ಲಿ ಹೊರತಂದ ಸುಗಮ್ಯತೆಯ (ಅಂಗವಿಕಲರೂ ಸುಲಭವಾಗಿ ಬಳಸುವಂತಿರುವ) ಮಾರ್ಗಸೂಚಿಯ 2.2ನೇ ಆವೃತ್ತಿಯೇ ಹೇಳುತ್ತದೆ. ಹೊರದೇಶದಲ್ಲಿರುವವರು ಸದ್ಯಕ್ಕೆ ಅಂಗಡಿಗೆ ಫೋನ್ ಮಾಡಿ ಆರ್ಡರ್ ಕೊಡುವುದೇ ಒಳ್ಳೆಯದು.

ಮನೆಗೆ ತಲುಪಿಸುವುದು, ಅಳವಡಿಸುವುದು ಎಲ್ಲವೂ ಹೇಳಿದ ದಿನಕ್ಕೇ ಆಯಿತು.

ಕನ್ನಡದ ಬಗ್ಗೆ ಮಾತ್ರ ಬೇಸರವಿದೆ. ಆ್ಯಪಿನಲ್ಲಿ ಕನ್ನಡವನ್ನು ಆರಿಸಿದ ಮೇಲೂ ಅದೇ ಖಾತೆಯಿಂದ ಜಾಲತಾಣಕ್ಕೆ ಹೋದರೆ ಇಂಗ್ಲಿಷ್ ಪುಟವೇ ಬರುತ್ತದೆ. ಬುಟ್ಟಿಯನ್ನು ಅಷ್ಟು ಜತನದಿಂದ ಕಾಯುವವರು ಭಾಷೆಯ ಆಯ್ಕೆಯನ್ನೂ ಖಾತೆಯಲ್ಲೇ ಉಳಿಸಿಕೊಳ್ಳಬಹುದಿತ್ತು. ಅಮ್ಮ ಟ್ಯಾಬಿನಲ್ಲಿ ಅಕ್ಷರಗಳನ್ನು ದೊಡ್ಡದು ಮಾಡಿಕೊಂಡು ಓದುತ್ತಾರೆ. ಆಗ "ಬುಟ್ಟಿಗೆ ಸೇರಿಸಿ" ಎಂಬ ಗುಂಡಿಯಲ್ಲಿ ಟಕಾರದ ಒತ್ತು ಅರ್ಧಕ್ಕೆ ಕತ್ತರಿಸಿಹೋಗುತ್ತದೆ, ಏಕೆಂದರೆ ಗುಂಡಿಯ ಎತ್ತರವನ್ನು ಇಂಗ್ಲಿಷ್ ಅಕ್ಷರಗಳ ಅಳತೆಗೆ ಕಟ್ಟಿಹಾಕಿದ್ದಾರೆ, ಕೆಳಗಿಳಿಯುವ ಒತ್ತಕ್ಷರಗಳಿಗೆ ಜಾಗ ಬಿಟ್ಟಿಲ್ಲ. ಸಿಬ್ಬಂದಿಗೆ ಟ್ಯಾಬನ್ನೇ ತೋರಿಸಿ ವಿವರಿಸಿದೆವು. ಅವರು ಪರದೆಯ ಫೋಟೊ ತೆಗೆದು ಆ್ಯಪ್ ಮಾಡಿದವರಿಗೆ ಕಳುಹಿಸಿದರು. ಗುಂಡಿ ಇನ್ನೂ ಹಾಗೆಯೇ ಇದೆ.